ತುಂಬುವುದೋ, ಎತ್ತಿ ಕಟ್ಟುವುದೋ

ಒಂಬತ್ತನೇ ತರಗತಿಗೆ ಕನ್ನಡ ಪಾಠ ಮಾಡುವವರಿಗೆಲ್ಲ ಗೊತ್ತಿರುವ ಒಂದು ತೊಡಕಿದೆ. ಪದ್ಯದಲ್ಲಿ ಎಲ್ಲಾದರೂ ‘ಮೊಲೆ’ ಎಂಬ ಮಾತು ಬಂತೆಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಏಳುತ್ತದೆ. ಮುಂದಿನ ಬೆಂಚಿನ ಹುಡುಗಿಯರು ಪುಸ್ತಕದೊಳಗೆ ಮುಖ ಹುದುಗಿಸುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟರುಗಳು ಆ ಸಾಲನ್ನು ಬೇಗಬೇಗ ಓದಿ ದಾಟಿಬಿಡುತ್ತಾರೆ. ನಾನು ದಾಟುವುದಿಲ್ಲ. ಬೋರ್ಡಿನ ಮೇಲೆ ಬರೆದು, ಇದು ಅಚ್ಚಗನ್ನಡದ ಮಾತು, ನಿಮ್ಮ ಅಜ್ಜಿಯಂದಿರು ಯಾವ ಅಳುಕೂ ಇಲ್ಲದೆ ‘ಮಗೂಗೆ ಮೊಲೆ ಕೊಡು’ ಎನ್ನುತ್ತಿದ್ದರು, ತಮಿಳಿನಲ್ಲೂ ಮಲಯಾಳದಲ್ಲೂ ಇದರ ಅಕ್ಕತಂಗಿಯರಿದ್ದಾರೆ ಎಂದು ಹೇಳಿ, ನಗು ನಿಂತ ಮೇಲೆ ಮುಂದಿನ ಸಾಲಿಗೆ ಹೋಗುತ್ತೇನೆ.

ಆದರೂ ಆ ಮಾತು ಇವತ್ತು ಬೈಗುಳದ ಪಕ್ಕದಲ್ಲಿ ಹೋಗಿ ಕೂತಿದೆ ಎಂಬುದು ಸುಳ್ಳಲ್ಲ. ‘ಸ್ತನ’ ಆಸ್ಪತ್ರೆಯ ಮಾತು. ‘ಕುಚ’ ಕವಿಗಳ ಮಾತು. ಮನೆಯಲ್ಲಿ ನಾವು ‘ಎದೆ’ ಎನ್ನುತ್ತೇವೆ. ಎದೆಯೆಂದರೆ ಧೈರ್ಯವೂ ಹೌದು, ಹೃದಯವೂ ಹೌದು. ಎದೆಯಲ್ಲಿ ಏನೋ ಗಂಟಾಗಿದೆ ಎಂದು ಹೆಂಗಸೊಬ್ಬಳು ಹೇಳಿದರೆ ಕೇಳಿದವರು ಮೊದಲು ಮನಸ್ಸಿನ ದುಃಖವೆಂದೇ ತಿಳಿಯುತ್ತಾರೆ. ನಮ್ಮದೇ ಮೈಯ ಒಂದು ಭಾಗದ ಬಗ್ಗೆ ಅಡುಗೆಮನೆಯಲ್ಲಿ ನಿಂತು ಆಡಲು ಒಂದು ನೆಟ್ಟಗಿನ ಮಾತಿಲ್ಲದಿರುವಾಗ, ಅದರ ಬಗ್ಗೆ ಮಾತಾಡುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳುತ್ತಾರೆ. ಅವರ ಮಾತು ಎಂಥದ್ದು ಎಂದು ನೋಡುವ ಸಂದರ್ಭ ನನಗೆ ಕಳೆದ ವರ್ಷ ಬಂತು.

ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಬೇಸಿಗೆ ರಜೆಗೆ ಹಾಸನಕ್ಕೆ ಬಂದವಳು, ಮಕ್ಕಳು ಮಲಗಿದ ಮೇಲೆ ಬ್ಯಾಗಿನಿಂದ ಎರಡು ನುಣುಪು ಕಾಗದದ ಪುಸ್ತಿಕೆಗಳನ್ನು ತೆಗೆದು ನನ್ನ ಮುಂದಿಟ್ಟಳು. ಒಂದು ಇಂಪ್ಲಾಂಟ್ ಬಗ್ಗೆ, ಇನ್ನೊಂದು ಲಿಫ್ಟ್ ಬಗ್ಗೆ. ‘ದೊಡ್ಡಮ್ಮ, ನೀವು ಪೇಪರ್ ತಿದ್ದೋರು. ಇವೆರಡನ್ನೂ ಓದಿ ಯಾವುದು ಅಂತ ಹೇಳಿ’ ಎಂದಳು. ಮೂವತ್ತಾರು ವರ್ಷ, ಎರಡು ಹೆರಿಗೆ, ಎರಡನೆಯದಕ್ಕೆ ಹಾಲು ಬಿಡಿಸಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ‘ನಿಮ್ಮ ಮನೆಯವರು ಏನಾದ್ರೂ ಅಂದ್ರಾ?’ ಎಂದು ಕೇಳಿದೆ. ‘ಅವರೇನೂ ಅಂದಿಲ್ಲ. ಸ್ನಾನ ಮಾಡಿ ಕನ್ನಡಿ ಮುಂದೆ ನಿಂತ್ರೆ ಇದು ಬೇರೆ ಯಾರದ್ದೋ ಮೈ ಅನ್ಸತ್ತೆ, ಅಷ್ಟೇ’ ಎಂದಳು. ಅವಳ ಅಮ್ಮ, ಎಂದರೆ ನನ್ನ ತಂಗಿ, ಈ ಮಾತು ಕೇಳಿಸಿಕೊಂಡರೆ ಕೈಯಲ್ಲಿದ್ದ ಸೌಟು ಬೀಳಿಸುತ್ತಿದ್ದಳು. ಅದಕ್ಕೇ ನನ್ನ ಹತ್ತಿರ ಬಂದದ್ದು.

ನಾನು ಪುಸ್ತಿಕೆಗಳನ್ನು ಕೆಂಪು ಪೆನ್ನು ಹಿಡಿದೇ ಓದಿದೆ. ಕಥೆ ಕಾದಂಬರಿಗಳನ್ನು ಮಾತ್ರ ವಿಮರ್ಶೆ ಮಾಡಬೇಕೆಂದು ಎಲ್ಲೂ ಬರೆದಿಲ್ಲವಲ್ಲ. ಒಂದು ಕೆಟ್ಟ ಕಾದಂಬರಿ ಓದಿದರೆ ಎರಡು ದಿನ ಹಾಳಾಗುತ್ತದೆ. ಇಂಥ ಬರಹವನ್ನು ಓದಿ ಒಬ್ಬಾಕೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗುತ್ತಾಳೆ.

ಮೊದಲು ಭಾಷೆಯ ವಿಷಯ. ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಿರುಗಿಸಿದ್ದು ಗೊತ್ತಾಗುತ್ತಿತ್ತು. ನಾನು ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕುತ್ತಾ ಹೋದೆ. ಮರಳಿ ಪಡೆಯುವುದು, ಅರಳುವುದು, ಕಂಗೊಳಿಸುವುದು, ಆತ್ಮವಿಶ್ವಾಸ ತುಂಬಿಕೊಳ್ಳುವುದು. ಹದಿನಾರು ಪುಟಗಳ ಪುಸ್ತಿಕೆಯಲ್ಲಿ ‘ಕೊಯ್ಯು’ ಎಂಬ ಕ್ರಿಯಾಪದ ಒಂದು ಸಲವೂ ಇಲ್ಲ. ‘ಹೊಲಿ’ ಇಲ್ಲ. ಕೊಯ್ಯುವವರು ಯಾರು ಎಂಬ ಕರ್ತೃಪದವೂ ಇಲ್ಲ. ಎಲ್ಲ ತನ್ನಷ್ಟಕ್ಕೆ ನಡೆಯುತ್ತದೆ. ಗಾಯದ ಕಲೆಗೆ ಅವರಿಟ್ಟ ಹೆಸರು ‘ಸೂಕ್ಷ್ಮ ರೇಖೆ’. ಹತ್ತನೇ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ ಕರ್ತೃವನ್ನು ಹೀಗೆ ಬಚ್ಚಿಟ್ಟರೆ ನಾನು ಅಂಕ ಕಳೆಯುತ್ತೇನೆ.

ಇನ್ನು ಚಿತ್ರಗಳು. ‘ಮೊದಲು’ ಎಂಬ ಚಿತ್ರದಲ್ಲಿ ಹೆಂಗಸಿನ ಭುಜ ಜಗ್ಗಿದೆ, ಬೆಳಕು ತಲೆಯ ಮೇಲಿನಿಂದ ಬಿದ್ದು ಎದೆಯ ಕೆಳಗೆ ಕಪ್ಪು ನೆರಳಾಗಿದೆ. ‘ನಂತರ’ ಎಂಬುದರಲ್ಲಿ ಕೈ ಸೊಂಟದ ಮೇಲಿದೆ, ಬೆನ್ನು ನೆಟ್ಟಗಿದೆ, ಬೆಳಕು ಎದುರಿನಿಂದ ಬರುತ್ತಿದೆ. ಎರಡರಲ್ಲೂ ಮುಖವಿಲ್ಲ, ಕತ್ತಿನಿಂದ ಕೆಳಗೆ ಮಾತ್ರ. ಆಕೆಯ ಗುರುತು ಕಾಪಾಡಲೆಂದೇ ಹಾಗೆ ಮಾಡಿರುತ್ತಾರೆ, ಸರಿ. ಆದರೆ ಎಷ್ಟು ತಿಂಗಳ ನಂತರ ತೆಗೆದದ್ದು ಎಂದು ಹೇಳಬಹುದಿತ್ತಲ್ಲ? ಆರು ವಾರದ ನಂತರದ್ದೋ, ಆರು ವರ್ಷದ ನಂತರದ್ದೋ? ಈ ವಿಷಯದಲ್ಲಿ ಅದೇ ಮುಖ್ಯವಾದ ಪ್ರಶ್ನೆ.

ಆದರೆ ಇವುಗಳ ದೊಡ್ಡ ದೋಷ ಅಲಂಕಾರದ್ದಲ್ಲ, ಅರ್ಥದ್ದು. ಇಂಪ್ಲಾಂಟಿನ ಪುಸ್ತಿಕೆಯೂ ‘ಹೆರಿಗೆಯ ನಂತರ ಇಳಿದ ಎದೆಗೆ’ ಎನ್ನುತ್ತದೆ. ಲಿಫ್ಟಿನ ಪುಸ್ತಿಕೆಯೂ ಅದನ್ನೇ ಎನ್ನುತ್ತದೆ. ಓದಿದವಳಿಗೆ ಇವೆರಡೂ ಒಂದೇ ಕಾಯಿಲೆಗೆ ಎರಡು ಕಂಪನಿಯ ಮಾತ್ರೆ ಎಂಬ ಭಾವನೆ ಬರುತ್ತದೆ. ಹಾಗಲ್ಲ. ಇವು ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳು.

ಹಳೆಯ ಹತ್ತಿ ದಿಂಬನ್ನು ನೆನಪಿಸಿಕೊಳ್ಳಿ. ವರ್ಷಗಟ್ಟಲೆ ತಲೆಯಿಟ್ಟು ಹತ್ತಿ ಅಡಗಿಹೋಗಿದೆ, ಬಟ್ಟೆ ಹಾಗೇ ದೊಡ್ಡದಿದೆ, ಒಂದು ಮೂಲೆಯಲ್ಲಿ ಸೇರಿಕೊಂಡು ಜೋಲುತ್ತದೆ. ಇದನ್ನು ಎರಡು ರೀತಿ ಸರಿಮಾಡಬಹುದು. ಇನ್ನಷ್ಟು ಹತ್ತಿ ತುಂಬಬಹುದು. ಇಲ್ಲವೇ ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ, ಹಿಡಿದು ಹೊಲಿದು, ಇರುವ ಹತ್ತಿಗೆ ತಕ್ಕ ಚೀಲ ಮಾಡಬಹುದು. ಮೊದಲನೆಯದು ಇಂಪ್ಲಾಂಟು, ಎರಡನೆಯದು ಲಿಫ್ಟು. ಇಂಪ್ಲಾಂಟ್ ಎಂದರೆ ಸಿಲಿಕೋನಿನ ಒಂದು ಚೀಲ; ಒಳಗೆ ಸಿಲಿಕೋನ್ ಜೆಲ್ಲೋ ಉಪ್ಪುನೀರೋ ಇರುತ್ತದೆ. ಅದನ್ನು ಮೊಲೆಯ ಗ್ರಂಥಿಯ ಹಿಂದೆ, ಅಥವಾ ಇನ್ನೂ ಹಿಂದೆ ಎದೆಯ ಸ್ನಾಯುವಿನಡಿ ಇಡುತ್ತಾರೆ. 300 ಸಿ.ಸಿ.ಯದಾದರೆ ಒಂದೊಂದು ಕಡೆಗೆ ಸುಮಾರು 300 ಗ್ರಾಂ ಭಾರ. ದೊಡ್ಡ ಲೋಟದ ತುಂಬ ಹಾಲಿನಷ್ಟು. ಲಿಫ್ಟಿನಲ್ಲಿ ಹೊರಗಿನದೇನೂ ಒಳಗೆ ಹೋಗುವುದಿಲ್ಲ. ಹೆಚ್ಚಾದ ಚರ್ಮವನ್ನು ತೆಗೆದು, ಮೊಲೆತೊಟ್ಟನ್ನು ಅದರ ರಕ್ತನಾಳಗಳ ಸಮೇತ ಮೇಲಕ್ಕೆ ಸರಿಸಿ, ಉಳಿದದ್ದನ್ನು ಒಟ್ಟುಗೂಡಿಸಿ ಹೊಲಿಯುತ್ತಾರೆ. ಹೊಲಿಗೆಯ ಕಲೆ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿ ಉಳಿಯುತ್ತದೆ. ಹೆಚ್ಚು ಜೋತಿದ್ದರೆ ಅಲ್ಲಿಂದ ಕೆಳಕ್ಕೊಂದು ಗೀಟು, ಅದರಡಿ ಎದೆಯ ಮಡಿಕೆಯುದ್ದಕ್ಕೂ ಇನ್ನೊಂದು, ಹಡಗಿನ ಲಂಗರಿನ ಆಕಾರದಲ್ಲಿ. ವರ್ಷ ಕಳೆದಂತೆ ಮಾಸುತ್ತದೆ, ಅಳಿಯುವುದಿಲ್ಲ.

ಯಾರಿಗೆ ಯಾವುದು ಎಂದು ನೋಡಲು ಒಂದು ಸರಳವಾದ ಅಳತೆಯಿದೆ. ಅದನ್ನು 1976ರಲ್ಲಿ ಬರೆದಿಟ್ಟವಳು ಪೋಲ್ ರೆನ್ಯೋ ಎಂಬ ಹೆಂಗಸು, ಕೆನಡಾದ ಮಾಂಟ್ರಿಯಲ್ಲಿನ ಪ್ಲಾಸ್ಟಿಕ್ ಸರ್ಜನ್. ನಿಂತಾಗ ತೊಟ್ಟು ಎದೆಯ ಕೆಳಗಿನ ಮಡಿಕೆಯ ಮಟ್ಟದಲ್ಲೇ ಇದ್ದರೆ ಮೊದಲ ಹಂತದ ಇಳಿತ. ಮಡಿಕೆಗಿಂತ ಕೆಳಗಿದ್ದು, ಮೊಲೆಯ ತೀರಾ ತಳಕ್ಕೆ ಬಂದಿಲ್ಲವಾದರೆ ಎರಡನೆಯದು. ತಳದಲ್ಲೇ ಇದ್ದು ನೆಲ ನೋಡುತ್ತಿದ್ದರೆ ಮೂರನೆಯದು. ತೊಟ್ಟು ಮಡಿಕೆಗಿಂತ ಮೇಲೇ ಇದ್ದು, ಮೊಲೆ ಬರಿದಾಗಿ ಇಳಿದಂತೆ ಕಂಡರೆ ಅದು ಹುಸಿ ಇಳಿತ. ಅಂಥವಳಿಗೆ ತುಂಬಿದರೆ ಸಾಕಾಗಬಹುದು. ತೊಟ್ಟು ಮಡಿಕೆಗಿಂತ ಕೆಳಕ್ಕೆ ಹೋಗಿದ್ದವಳಿಗೆ ಬರೀ ಇಂಪ್ಲಾಂಟ್ ಇಟ್ಟರೆ, ಚೀಲ ಮೇಲೆ ಗುಂಡಗೆ ನಿಂತು, ಅವಳದೇ ಮೊಲೆ ಅದರ ಮುಂದಿನಿಂದ ಜಾರಿ ಕೆಳಗೆ ಇಳಿಬೀಳಬಹುದು. ಎರಡನ್ನೂ ಮಾಡಿಸುವುದೂ ಉಂಟು, ಒಂದೇ ಸಲಕ್ಕೆ ಅಥವಾ ಎರಡು ಸಲಕ್ಕೆ. ಒಂದು ಚರ್ಮವನ್ನು ಬಿಗಿ ಮಾಡುತ್ತದೆ, ಇನ್ನೊಂದು ಒಳಗಿನಿಂದ ಅದೇ ಚರ್ಮವನ್ನು ಹಿಗ್ಗಿಸುತ್ತದೆ. ಆದ್ದರಿಂದ ಮತ್ತೆ ಆಪರೇಷನ್ ಬೇಕಾಗುವ ಸಂಭವ ಇದರಲ್ಲಿ ಹೆಚ್ಚು. ಇಷ್ಟು ಹೇಳಲು ನನಗೆ ಒಂದೆರಡು ಪುಟ ಹಿಡಿಯಿತು. ಹದಿನಾರು ಹದಿನಾರು ಪುಟದ ಎರಡು ಪುಸ್ತಿಕೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ.

ಈ ಗೊಂದಲ ಇವತ್ತಿನದಲ್ಲ. ಮೊದಲ ಇಂಪ್ಲಾಂಟಿನ ದಿನದಿಂದಲೇ ಇದೆ. 1962ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನ ಜೆಫರ್ಸನ್ ಡೇವಿಸ್ ಆಸ್ಪತ್ರೆಗೆ ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆ ಹೋದಳು. ಆರು ಮಕ್ಕಳ ತಾಯಿ. ಎದೆಯ ಮೇಲಿದ್ದ ಹಚ್ಚೆ ತೆಗೆಸಿಕೊಳ್ಳಲು ಹೋದವಳು ಅವಳು, ನೆನಪಿಡಿ. ಅಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ಇಬ್ಬರು ವೈದ್ಯರು ಸಿಲಿಕೋನ್ ಚೀಲವೊಂದನ್ನು ಸಿದ್ಧಮಾಡಿಕೊಂಡು, ಅದನ್ನು ಇಡಿಸಿಕೊಳ್ಳುವ ಹೆಂಗಸಿಗಾಗಿ ಕಾಯುತ್ತಿದ್ದರು. ರಕ್ತ ತುಂಬುವ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿದಾಗ ಜೆರೋಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಅದಕ್ಕೆ ಮೊದಲು ಎಸ್ಮೆರಾಲ್ಡ ಎಂಬ ನಾಯಿಯ ಮೇಲೆ ಪ್ರಯೋಗವೂ ಆಗಿತ್ತು. ಲಿಂಡ್ಸೆಯ ಮೊಲೆಗಳು ಆರು ಮಕ್ಕಳ ನಂತರ ಇಳಿದಿದ್ದನ್ನು ನೋಡಿ, ಇದನ್ನು ಇಡಿಸಿಕೊಳ್ಳುತ್ತೀಯಾ ಎಂದು ಕೇಳಿದರು. ಆಕೆಗೆ ಎದೆಯ ಚಿಂತೆಯೇ ಇರಲಿಲ್ಲ, ಮುಂದಕ್ಕೆ ಚಾಚಿದ ಕಿವಿಗಳ ಚಿಂತೆಯಿತ್ತು. ಕಿವಿಯನ್ನೂ ಸರಿಮಾಡಿಕೊಡುತ್ತೇವೆ ಎಂದರು, ಒಪ್ಪಿದಳು.

ಐವತ್ತು ವರ್ಷಗಳ ನಂತರ, 2012ರಲ್ಲಿ, ಪತ್ರಕರ್ತರು ಆಕೆಯನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಆಕೆಯ ಮಾತುಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು: ಇವು ಹಾಗೇ ನೆಟ್ಟಗೆ ನಿಂತಿರುತ್ತವೆಂದು ತಾನು ತಿಳಿದಿದ್ದೆ, ಆದರೆ ವರ್ಷಗಳು ಹೋದಂತೆ ಇವೂ ಎಲ್ಲರವುಗಳಂತೆ ಇಳಿದವು, ಅದು ತನಗೆ ಆಶ್ಚರ್ಯ ತಂದಿತು ಎಂದಳು. ಇಳಿದ ಮೊಲೆಗೆಂದು ಇಟ್ಟ ಪ್ರಪಂಚದ ಮೊತ್ತಮೊದಲ ಇಂಪ್ಲಾಂಟ್ ತಾನೇ ಇಳಿಯಿತು! ಯಾವ ಪುಸ್ತಿಕೆಯೂ ಈ ಸಂಗತಿಯನ್ನು ಮುಖಪುಟಕ್ಕೆ ಹಾಕುವುದಿಲ್ಲ. ಚರ್ಮ ಆಕೆಯದು, ವಯಸ್ಸೂ ಆಕೆಯದು; ಒಳಗೆ ಇಟ್ಟ ಭಾರವೂ ಅದಕ್ಕೆ ಸೇರಿತು. ಲಿಫ್ಟಿನ ಕತೆಯೂ ಬೇರೆಯಲ್ಲ. ಹೊಲಿದದ್ದು ಇನ್ನೊಂದು ಬಸಿರಿನಿಂದ, ತೂಕದ ಏರಿಳಿತದಿಂದ, ಸುಮ್ಮನೆ ವಯಸ್ಸಿನಿಂದಲೂ ಮತ್ತೆ ಸಡಿಲಾಗುತ್ತದೆ.

ಕೇಳದಿದ್ದವಳಿಗೆ ಕೊಡುವುದು ಒಂದು ಸಲ ನಡೆದ ವಿಚಿತ್ರವಾಗಿದ್ದರೆ ಬಿಡಬಹುದಿತ್ತು. ಆದರೆ 1982ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘವು ಅಲ್ಲಿನ ಸರ್ಕಾರದ ಔಷಧ ನಿಯಂತ್ರಣ ಇಲಾಖೆಯಾದ ಎಫ್.ಡಿ.ಎ.ಗೆ ಬರೆದು ಸಲ್ಲಿಸಿದ ಅಭಿಪ್ರಾಯದಲ್ಲಿ, ಚಿಕ್ಕ ಮೊಲೆ ಎಂಬುದು ಒಂದು ವಿಕಲತೆ, ನಿಜವಾಗಿ ನೋಡಿದರೆ ಒಂದು ಕಾಯಿಲೆಯೇ ಎಂಬ ಅರ್ಥದ ಮಾತು ಬರೆಯಿತು. ಇಪ್ಪತ್ತು ವರ್ಷದಲ್ಲಿ ಚೀಲ ಮೊದಲು ಬಂತು, ಕಾಯಿಲೆ ಆಮೇಲೆ ಬಂತು.

ನಮ್ಮ ದೇಶದವರು ಈ ವಿಷಯದಲ್ಲಿ ಹಿಂದೆ ಬಿದ್ದಿದ್ದೇವೆಂದು ತಿಳಿಯಬೇಡಿ. 1954ರಲ್ಲೇ ನಮ್ಮಲ್ಲೊಂದು ಕಾಯಿದೆ ಬಂದಿದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆ. ಯಾವ ಯಾವ ತೊಂದರೆಗಳಿಗೆ ಔಷಧವಿದೆಯೆಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿ ಅದರಲ್ಲಿದೆ, 54 ಬಾಬುಗಳು. ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿರುವ ಆ ಪಟ್ಟಿಯಲ್ಲಿ ಮೂರ್ಛೆರೋಗ ಆದ ಮೇಲೆ, ಪಿತ್ತಕೋಶದ ಕಲ್ಲಿಗೆ ಮುಂಚೆ, ‘ಸ್ತ್ರೀಯರ ಎದೆಯ ಆಕಾರ ಮತ್ತು ರಚನೆ’ ಎಂದಿದೆ! ಓದಿದಾಗ ನನಗೆ ನಗು ಬಂತು, ಆಮೇಲೆ ಆ ಕಾಲದ ಶಾಸಕರ ಮೇಲೆ ಗೌರವವೂ ಬಂತು. ಸುಳ್ಳು ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದು ಏನಾಯಿತು? ನಾವು ಹುಡುಗಿಯರಾಗಿದ್ದಾಗ ವಾರಪತ್ರಿಕೆಗಳ ಕೊನೆಯ ಪುಟಗಳಲ್ಲಿ ಎದೆ ಬೆಳೆಸುವ ಮುಲಾಮಿನ ಜಾಹೀರಾತು ರಾಜಾರೋಷವಾಗಿ ಬರುತ್ತಿತ್ತು. ಧಾರಾವಾಹಿ ಓದುವ ನೆಪದಲ್ಲಿ ಅದನ್ನೂ ಓದುತ್ತಿದ್ದೆವು. ಆ ಕಾಯಿದೆ ಹಿಡಿಯಲು ಹೊರಟದ್ದು ಔಷಧ, ತಾಯಿತ, ಮಂತ್ರಗಳನ್ನು. ಶಸ್ತ್ರಚಿಕಿತ್ಸೆಯ ಪುಸ್ತಿಕೆಯ ನಯವಾದ ಭಾಷೆಯನ್ನು ಅವರು ಆಗ ಊಹಿಸಿರಲಾರರು.

ಅಮೆರಿಕದಲ್ಲಿ ಮುಂದೆ ನಡೆದದ್ದು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇ. 1992ರಲ್ಲಿ ಎಫ್.ಡಿ.ಎ. ಸಿಲಿಕೋನ್ ಜೆಲ್ಲಿನ ಇಂಪ್ಲಾಂಟುಗಳನ್ನು ಅಂದಕ್ಕಾಗಿ ಇಡುವುದನ್ನು ತಡೆಯಿತು. ಮೊಕದ್ದಮೆಗಳ ಮಳೆ ಸುರಿದು 1995ರಲ್ಲಿ ಡೌ ಕಾರ್ನಿಂಗ್ ಕಂಪನಿ ದಿವಾಳಿ ಅರ್ಜಿ ಹಾಕಿತು. 2006ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿ ವೈದ್ಯಕೀಯಕ್ಕಲ್ಲದ, ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬುತ್ತಿದ್ದುದು 2010ರಲ್ಲಿ ಹೊರಬಿತ್ತು. ಅದರ ಮಾಲೀಕನಿಗೆ 2013ರಲ್ಲಿ ಜೈಲುಶಿಕ್ಷೆಯಾಯಿತು. ಹೊರಮೈ ಒರಟಾದ ಇಂಪ್ಲಾಂಟುಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್ ಹುಟ್ಟುತ್ತದೆಂದು ಗೊತ್ತಾಗಿ, 2019ರಲ್ಲಿ ಅಲರ್ಗಾನ್ ಕಂಪನಿ ತನ್ನ ಅಂಥ ಮಾಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಇವನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಆ ಕ್ಯಾನ್ಸರ್ ಅಪರೂಪದ್ದು, ಲಕ್ಷಾಂತರ ಹೆಂಗಸರು ಇಂಪ್ಲಾಂಟ್ ಇಟ್ಟುಕೊಂಡು ಆರಾಮವಾಗಿದ್ದಾರೆ.

ಇಷ್ಟೆಲ್ಲ ಆದ ಮೇಲೆ 2021ರ ಅಕ್ಟೋಬರಿನಲ್ಲಿ ಎಫ್.ಡಿ.ಎ. ಒಂದು ನಿಯಮ ತಂದಿತು. ಇಂಪ್ಲಾಂಟ್ ಇಡುವ ಮೊದಲು ವೈದ್ಯರು ಹೆಂಗಸಿಗೆ ಒಂದು ಪ್ರಶ್ನಾವಳಿಯಂಥ ಪಟ್ಟಿಯನ್ನು ಕೊಟ್ಟು ಓದಿಸಬೇಕು; ಪ್ರತಿ ಬಾಬಿನ ಕೆಳಗೂ ಆಕೆ ಓದಿ ಅರ್ಥಮಾಡಿಕೊಂಡೆನೆಂದು ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಬೇಕು. ತಂಗಿಯ ಮಗಳು ಅದನ್ನು ಫೋನಿನಲ್ಲಿ ಹುಡುಕಿ ತೆಗೆದುಕೊಟ್ಟಳು. ಈ ಇಡೀ ಸಾಹಿತ್ಯದಲ್ಲಿ ನನಗೆ ಗೌರವ ಹುಟ್ಟಿಸಿದ ಬರಹ ಇದೊಂದೇ. ಒಂದು ಉಪಮೆಯಿಲ್ಲ, ಒಂದು ಹೂವಿನ ಚಿತ್ರವಿಲ್ಲ. ಇಂಪ್ಲಾಂಟ್ ಆಯುಷ್ಯಪೂರ್ತಿ ಇರುವ ವಸ್ತುವಲ್ಲ, ಇಟ್ಟುಕೊಂಡು ಹೆಚ್ಚು ದಿನವಾದಷ್ಟೂ ತೊಂದರೆಯ ಸಂಭವ ಹೆಚ್ಚು ಎಂದು ನೇರವಾಗಿ ಹೇಳುತ್ತದೆ. ಅಂದಕ್ಕಾಗಿ ಇಡಿಸಿಕೊಂಡವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಯವರೆಗೆ 8–10 ವರ್ಷದೊಳಗೆ ತೆಗೆಸಬೇಕಾಗಿ ಬರುತ್ತದೆ ಎನ್ನುತ್ತದೆ. ಸಿಲಿಕೋನಿನದು ಒಳಗೇ ಒಡೆದರೂ ಹೊರಗೆ ತಿಳಿಯದಿರಬಹುದಾದ್ದರಿಂದ ಮೊದಲ ಸಲ 5–6 ವರ್ಷಕ್ಕೆ, ಆಮೇಲೆ 2–3 ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು ಎನ್ನುತ್ತದೆ. ಸುಸ್ತು, ಕೀಲುನೋವು, ಮಂಕು ಕವಿಯುವುದು ಇವುಗಳ ಬಗ್ಗೆ ಕೆಲವರು ಹೇಳಿಕೊಂಡದ್ದನ್ನೂ ಮರೆಮಾಚುವುದಿಲ್ಲ. ವಾಕ್ಯಗಳೆಲ್ಲ ‘ನಾನು ತಿಳಿದುಕೊಂಡಿದ್ದೇನೆ’ ಎಂಬ ಧಾಟಿಯಲ್ಲಿವೆ. ಇಲ್ಲಿ ಕರ್ತೃಪದ ವಾಪಸು ಬಂದಿತು, ಮತ್ತು ಆ ಕರ್ತೃ ಹೆಂಗಸು.

ಹಾಗೆಂದು ಇದೂ ನಿರ್ದೋಷಿಯಲ್ಲ. ಬ್ಯಾಂಕಿನಲ್ಲಿ, ಎಲ್.ಐ.ಸಿ.ಯಲ್ಲಿ ನಾವು ಹೇಗೆ ಸಹಿ ಹಾಕುತ್ತೇವೆ? ಗುಮಾಸ್ತರು ಬೆರಳಿಟ್ಟ ಕಡೆಯಲ್ಲೆಲ್ಲ. ಮನಸ್ಸು ಮಾಡಿ, ರಜೆ ಹಾಕಿ, ಮುಂಗಡ ಕಟ್ಟಿ ಬಂದವಳ ಕೈಗೆ ಈ ಕಾಗದ ಬಂದರೆ ಅದೂ ಅಂಥದೇ ಸಹಿಯಾಗುತ್ತದೆ. ಇನ್ನೊಂದು, ಇದು ಇಂಪ್ಲಾಂಟಿಗೆ ಮಾತ್ರ. ಲಿಫ್ಟ್ ಬರೀ ಕೊಯ್ದು ಹೊಲಿಯುವ ಕೆಲಸವಾದ್ದರಿಂದ, ಅಲ್ಲಿ ಮಾರುವ ವಸ್ತುವಿಲ್ಲವಾದ್ದರಿಂದ, ಅದಕ್ಕೆ ಇಂಥ ಪಟ್ಟಿಯನ್ನು ಆ ಇಲಾಖೆ ಕೊಡುವುದಿಲ್ಲ. ತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗಬಹುದು, ಮುಂದೆ ಹಾಲೂಡಿಸಲು ತೊಂದರೆಯಾಗಬಹುದು ಎಂಬ ಮಾತುಗಳು ಲಿಫ್ಟಿಗೂ ಅನ್ವಯಿಸುತ್ತವೆ. ಮುಖ್ಯವಾಗಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಏನೂ ಮಾಡಿಸದೆ ಇರುವುದನ್ನು ಮೂರನೆಯದಾಗಿ ಇಟ್ಟು ತೂಗುವ ಬರಹ ನನ್ನ ಕೈಗೆ ಸಿಕ್ಕ ಕಾಗದಗಳಲ್ಲಿ ಒಂದೂ ಇರಲಿಲ್ಲ.

ತಪ್ಪನ್ನೆಲ್ಲ ಆಸ್ಪತ್ರೆಗಳ ಮೇಲೆ ಹೊರಿಸಿ ನಮ್ಮ ಕಲೆ ಸಾಹಿತ್ಯಗಳನ್ನು ಬಿಟ್ಟುಕೊಡುವುದೂ ನ್ಯಾಯವಲ್ಲ. ಪ್ರತಿವರ್ಷ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದುಕೊಂಡು ಹೋಗುತ್ತೇವೆ. ವಿಷ್ಣುವರ್ಧನನ ಕಾಲದ, 1117ರ ಗುಡಿ. ಕಂಬದ ಮೇಲಿಂದ ಬಾಗಿ ನೋಡುವ ಆ ಮದನಿಕೆಯರನ್ನು ಕತ್ತೆತ್ತಿ ನೋಡುವಾಗ ನನಗೀಗ ಬೇರೆಯೇ ಯೋಚನೆ ಬರುತ್ತದೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಗಿಣಿಯ ಜೊತೆ ಮಾತಾಡುತ್ತಾಳೆ, ಒಬ್ಬಳು ಕುಣಿಯುತ್ತಾಳೆ. ಮೈ ಎಷ್ಟೇ ಬಳುಕಲಿ, ಮೊಲೆಗಳು ಮಾತ್ರ ತೆಂಗಿನಕಾಯಿಯಂತೆ ಗುಂಡಗೆ ಇದ್ದಲ್ಲೇ ಇರುತ್ತವೆ. ಕಲ್ಲಿಗೆ ಭಾರವಿಲ್ಲ. ಹಳೆಯ ಕವಿಗಳೂ ಅಷ್ಟೇ. ಹೊನ್ನಿನ ಕಲಶ, ತಾವರೆಯ ಮೊಗ್ಗು, ಚಕ್ರವಾಕದ ಜೋಡಿ. ಎಲ್ಲವೂ ಗಟ್ಟಿ, ಎಲ್ಲವೂ ಮೇಲ್ಮುಖ.

ಇಳಿದ ಮೊಲೆ ನಮ್ಮ ಶಿಲ್ಪದಲ್ಲಿ ಇಲ್ಲವೇ ಎಂದರೆ, ಇದೆ. ಒಡಿಶಾದ ಚಾಮುಂಡೆಯ ವಿಗ್ರಹಗಳಲ್ಲಿದೆ, ಎಲುಬು ಎಣಿಸುವಂಥ ಮೈಯ ಮೇಲೆ, ನೋಡಿದವರು ಬೆಚ್ಚಲಿ ಎಂದು. ತಮಿಳುನಾಡಿನ ಕಾರೈಕ್ಕಾಲ್ ಅಮ್ಮೈಯಾರ್ ವಿಗ್ರಹಗಳಲ್ಲಿದೆ. 63 ಮಂದಿ ಶಿವಭಕ್ತರಲ್ಲಿ ಒಬ್ಬಳಾದ ಆಕೆ, ಗಂಡ ಬಿಟ್ಟುಹೋದ ಮೇಲೆ ತನ್ನ ಚೆಲುವನ್ನೆಲ್ಲ ತೆಗೆದುಕೊಂಡು ಪೇತದ ರೂಪ ಕೊಡೆಂದು ಶಿವನನ್ನು ಬೇಡಿದವಳೆಂದು ಕತೆ. ಕಂಚಿನಲ್ಲಿ ಆಕೆ ಬತ್ತಿದ ಎದೆಯೊಂದಿಗೆ ತಾಳ ಹಾಕುತ್ತಾ ನಗುತ್ತಿದ್ದಾಳೆ. ಅದೊಂದು ಅದ್ಭುತವಾದ ಮುಖ. ಆದರೆ ನೋಡಿ, ಒಂದು ಕಡೆ ಭಯಂಕರ ದೇವತೆ, ಇನ್ನೊಂದು ಕಡೆ ಲೋಕ ಬಿಟ್ಟ ಸಂತಳು. ನಡುವೆ ಎರಡು ಮಕ್ಕಳನ್ನು ಹೆತ್ತು ಬಸ್ಸು ಹಿಡಿದು ಆಫೀಸಿಗೆ ಹೋಗುವ ಮೂವತ್ತಾರರ ಹೆಂಗಸಿನ ಮೈ ಹೇಗಿರುತ್ತದೆಂದು ಅವಳಿಗೆ ತೋರಿಸುವವರು ಯಾರು? ಮೊದಲು ಹೊಳೆಯ ಹತ್ತಿರ, ಬಚ್ಚಲಲ್ಲಿ, ಬಾಣಂತಿ ಕೋಣೆಯಲ್ಲಿ ಹೆಂಗಸರ ಮೈ ಹೆಂಗಸರ ಕಣ್ಣಿಗೆ ಬೀಳುತ್ತಿತ್ತು. ನಮ್ಮಜ್ಜಿ ರವಿಕೆಯಿಲ್ಲದೆ ಸೀರೆ ಸುತ್ತಿ ಜಗುಲಿಯಲ್ಲಿ ಕೂರುತ್ತಿದ್ದಳು. ಮೈ ಹೀಗೂ ಇರುತ್ತದೆಂದು ನಮಗೆ ಆರನೇ ವಯಸ್ಸಿಗೇ ಗೊತ್ತಿತ್ತು. ತಂಗಿಯ ಮಗಳಿಗೆ ಹೋಲಿಸಿ ನೋಡಲು ಸಿಕ್ಕಿದ್ದು ಸಿನಿಮಾ, ಜಾಹೀರಾತು, ಮತ್ತು ಈ ಮುಖವಿಲ್ಲದ ‘ನಂತರ’.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಹಾಲೂಡಿಸಿದ್ದರಿಂದಲೇ ಹೀಗಾಯಿತೆಂದು ಅವಳು ತಿಳಿದಿದ್ದಳು. ಪುಸ್ತಿಕೆಯೂ ಹಾಗೇ ಸೂಚಿಸುತ್ತಿತ್ತು. ಆಕಾರ ಕೆಡುತ್ತದೆಂದು ಹೆದರಿ ಬೇಗ ಹಾಲು ಬಿಡಿಸುವ ತಾಯಂದಿರು ನನ್ನ ಹಳೆಯ ವಿದ್ಯಾರ್ಥಿನಿಯರಲ್ಲೇ ಇದ್ದಾರೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್ನರು ಇದನ್ನೇ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಇಳಿತಕ್ಕೆ ಕಾರಣವಾಗಿ ಅವರಿಗೆ ಕಂಡದ್ದು ವಯಸ್ಸು, ಬಸಿರುಗಳ ಸಂಖ್ಯೆ, ಮೈತೂಕ, ಮೊದಲೇ ಮೊಲೆ ದೊಡ್ಡದಿದ್ದದ್ದು, ಸಿಗರೇಟು ಸೇದುವುದು. ಹಾಲೂಡಿಸಿದ್ದು ಕಾರಣವಾಗಿ ಕಾಣಲಿಲ್ಲ. ಬಸಿರಿನಲ್ಲೇ ಮೊಲೆ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ಮಗು ಕುಡಿದರೂ ಅಷ್ಟೇ, ಕುಡಿಯದಿದ್ದರೂ ಅಷ್ಟೇ. ಇದನ್ನು ಓದಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಚಿಕ್ಕವನ ಮೇಲೆ ಒಳಗೊಳಗೇ ಸಿಟ್ಟಿತ್ತು ದೊಡ್ಡಮ್ಮ’ ಎಂದಳು.

ನಾನು ಇಂಥ ಆಪರೇಷನ್ನುಗಳನ್ನು ವಿರೋಧಿಸುವವಳೆಂದು ಯಾರೂ ತಿಳಿಯಬಾರದು. ನಮ್ಮ ಶಾಲೆಯಲ್ಲೇ ಕ್ಯಾನ್ಸರಿನಿಂದ ಒಂದು ಮೊಲೆ ತೆಗೆಸಿಕೊಂಡ ಟೀಚರೊಬ್ಬರು ಆಮೇಲೆ ಇಂಪ್ಲಾಂಟ್ ಇಡಿಸಿಕೊಂಡರು. ಮತ್ತೆ ಸೆರಗು ಎರಡೂ ಕಡೆ ಒಂದೇ ಥರ ಬೀಳುತ್ತದಲ್ಲ ಎಂದು ಅವರು ಹೇಳಿದಾಗಿನ ಮುಖ ನೋಡಿದವರು ಅದನ್ನು ಷೋಕಿ ಎನ್ನಲಾರರು. ಭಾರಕ್ಕೆ ಬೆನ್ನು ನೋವು ಬಂದು, ಮಡಿಕೆಯಲ್ಲಿ ಬೆವರುಹುಣ್ಣಾಗಿ ಒದ್ದಾಡುವವರೂ ಇದ್ದಾರೆ. ಕನ್ನಡಿಯಲ್ಲಿ ತನ್ನ ಮೈ ತನ್ನದೆನಿಸಬೇಕೆಂಬ ಆಸೆಯೂ ಸಣ್ಣದಲ್ಲ. ಕೂದಲಿಗೆ ಬಣ್ಣ ಹಚ್ಚುವ ನಾನು ಅದನ್ನು ಆಕ್ಷೇಪಿಸುವುದು ಸರಿಯೂ ಅಲ್ಲ. ನನ್ನ ತಕರಾರಿರುವುದು ಅವಳ ಆಸೆಯ ಬಗ್ಗೆ ಅಲ್ಲ, ಅವಳ ಕೈಗೆ ಕೊಟ್ಟ ಬರಹದ ಬಗ್ಗೆ.

ಪುಸ್ತಿಕೆಗಳ ಅಂಚಿನಲ್ಲಿ ನಾನು ಬರೆದ ಪ್ರಶ್ನೆಗಳನ್ನು ಅವಳು ಒಂದು ಹಾಳೆಗೆ ಇಳಿಸಿಕೊಂಡಳು. ನನ್ನದು ರೆನ್ಯೋ ಅಳತೆಯಲ್ಲಿ ಎಷ್ಟನೆಯ ಹಂತ? ನನಗೆ ಕಡಿಮೆಯಾಗಿರುವುದು ಗಾತ್ರವೋ, ಜಾಗ ತಪ್ಪಿರುವುದೋ? ಕಲೆ ಎಲ್ಲೆಲ್ಲಿ, ಎಷ್ಟುದ್ದ? ಐದು ವರ್ಷ ಹಳೆಯ ‘ನಂತರ’ದ ಚಿತ್ರವಿದೆಯೇ? ಮುಂದೆ ಮ್ಯಾಮೋಗ್ರಾಂ ಮಾಡಿಸುವಾಗ ಏನು ವ್ಯತ್ಯಾಸ? ಮತ್ತೆ ಆಪರೇಷನ್ ಬೇಕಾದರೆ ಖರ್ಚು ಯಾರದು? ಅಂದಕ್ಕಾಗಿ ಮಾಡಿಸಿಕೊಂಡದ್ದಕ್ಕೆ ವಿಮೆಯವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಅದು ಅವಳಿಗೇ ಗೊತ್ತಿತ್ತು, ಬ್ಯಾಂಕಿನವಳಲ್ಲವೇ.

ಬೆಂಗಳೂರಿಗೆ ಹೋಗಿ ಬೇರೊಬ್ಬ ಸರ್ಜನ್ನರನ್ನು ಕಂಡು ಫೋನ್ ಮಾಡಿದಳು. ಅವರು ಹಾಳೆ ನೋಡಿ ನಕ್ಕರಂತೆ, ಆದರೆ ಒಂದೊಂದಕ್ಕೂ ಉತ್ತರ ಕೊಟ್ಟರಂತೆ. ಎರಡನೆಯ ಹಂತ. ಗಾತ್ರ ಸಾಕಷ್ಟಿದೆ, ಇಂಪ್ಲಾಂಟ್ ಬೇಕಿಲ್ಲ. ಮಾಡುವುದಾದರೆ ಲಿಫ್ಟ್ ಒಂದೇ. ಅದಕ್ಕೂ ಈಗ ಬೇಡ, ಹಾಲು ಬಿಡಿಸಿ ಇನ್ನೂ ಸ್ವಲ್ಪವೇ ದಿನವಾಗಿದೆ, ಮೊಲೆ ತನ್ನ ಆಕಾರಕ್ಕೆ ಬಂದು ನಿಲ್ಲಲಿ, ತೂಕವೂ ಒಂದು ಕಡೆ ನಿಲ್ಲಲಿ, ಮೂರನೆಯ ಮಗುವಿನ ಯೋಚನೆಯಿದ್ದರೆ ಅದು ಮುಗಿಯಲಿ ಎಂದರಂತೆ. ‘ಇಲ್ಲ ಇಲ್ಲ, ಮೂರನೇದಿಲ್ಲ’ ಎಂದು ಇವಳು ಅಲ್ಲೇ ಜೋರಾಗಿ ಹೇಳಿಬಿಟ್ಟಳಂತೆ. ಬರುವ ವರ್ಷ ಯುಗಾದಿ ಕಳೆದ ಮೇಲೆ ಮತ್ತೆ ತೋರಿಸಬೇಕು. ಆಗ ಮಾಡಿಸಿಕೊಳ್ಳುತ್ತಾಳೋ ಬಿಡುತ್ತಾಳೋ ಅವಳಿಗೇ ಇನ್ನೂ ಗೊತ್ತಿಲ್ಲ. ತಂಗಿಗೆ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ. ಯಾವ ಮಾತಿನಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದೇನೆ.